ಅವ್ವನ ಫೋನಿನಲ್ಲಿ ಹಿಡಿಸುವಷ್ಟು ಬೆಳಕು

ಪ್ರೀತಿಯ ಅಕ್ಕಾ,

ಮೊದಲಿಗೆ, ಬರೆಯುತ್ತಿರುವುದಕ್ಕೇ ಕ್ಷಮಿಸು. ಹೋದ ಮಳೆಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದ ನೀನು ತಿರುಗಿ ಬರಲಿಲ್ಲ. ಅದು ನನಗೆ ಗೊತ್ತು. ಗೊತ್ತಿಲ್ಲದವಳ ಹಾಗೆ ನಟಿಸುವುದಕ್ಕೆ ಬರೆಯುತ್ತಿಲ್ಲ. ನಿನ್ನ ಗೇಮಿನ ವಿಷಯದಲ್ಲಿ ಒಂದು ತೀರ್ಮಾನ ಆಗಬೇಕಾಗಿದೆ. ಕೇಳೋಣವೆಂದರೆ ನೀನಲ್ಲದೆ ಬೇರೆ ಯಾರಿದ್ದಾರೆ? ಗೇಮು ಕಟ್ಟುವ ಸಾಫ್ಟ್‌ವೇರಿಗೂ ಎಂಜಿನ್ ಎನ್ನುತ್ತಾರೆಂದು ಹೇಳಿದರೂ, ಎಂಜಿನ್ ಎಂದರೆ ಅವ್ವನಿಗೆ ಅಪ್ಪನ ಟ್ಯಾಂಕರಿನದು. ಅಪ್ಪನಿಗೂ ಅದೇ. ನಿನ್ನೆ ನಿನ್ನ ನಂಬರಿಗೇ ಮೆಸೇಜ್ ಹಾಕೋಣವೆಂದು ತೆಗೆದೆ. ನಿನ್ನ ಕೊನೆಯ ಮೆಸೇಜು ಹಾಗೇ ಇತ್ತು: ‘ಬರ್ತಾ ಕೊತ್ತಂಬರಿ ತಾ.’ ಅದರ ಕೆಳಗೆ ಏನಂತ ಬರೆಯಲಿ, ಹೇಳು? ಅದಕ್ಕೇ ಈ ಕಾಗದ.

ಹಾಸ್ಟೆಲ್ಲಿನ ಭಾನುವಾರಗಳು ನೆನಪಾಗುತ್ತವೆ. ತಿಂಡಿ ಮುಗಿದ ಮೇಲೆ ಡೈನಿಂಗ್ ಹಾಲಿನ ಉದ್ದ ಮೇಜಿನ ಸುತ್ತ ಕೂತು ಎಲ್ಲರೂ ಮನೆಗೆ ಪತ್ರ ಬರೆಯಬೇಕು. ಫೋನಿಲ್ಲ. ವಾರವೆಲ್ಲ ಇಂಗ್ಲಿಷಿನಲ್ಲಿ ಮಾತಾಡಿ, ಇಂಗ್ಲಿಷಿನಲ್ಲೇ ಬೈಸಿಕೊಂಡು, ಆ ಹೊತ್ತಿನಲ್ಲಿ ಮಾತ್ರ ಕನ್ನಡ. ಏಕೆಂದರೆ ಅವ್ವ ಬೇರೆ ಭಾಷೆ ಓದುವುದಿಲ್ಲ. ಉತ್ತರ ಬರೆಯುತ್ತಿದ್ದವಳು ನೀನು. ನನ್ನ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ನನ್ನ ಪತ್ರವನ್ನೂ ನಿನ್ನ ಉತ್ತರದ ಜೊತೆಗೇ ವಾಪಸ್ ಕಳಿಸುತ್ತಿದ್ದವಳೂ ನೀನೇ. ಕೊನೆಯ ಸಾಲು ಯಾವಾಗಲೂ ಒಂದೇ: ‘ಬೇಗ ಉತ್ತರ ಬರಿ, ಇಲ್ಲಾಂದ್ರ ನಾನ ಬಂದು ಜಡಿ ಹಿಡದು ಜಗ್ಗತೀನಿ.’ ಹೀಗಾಗಿ ನನಗೆ ಬರುವ ಕನ್ನಡವೆಲ್ಲ ಪತ್ರದ ಕನ್ನಡ. ಈಗ ಚಾಳಿನ ಹುಡುಗರು ನಗುತ್ತಾರೆ, ‘ಶೈಲಕ್ಕ ಬಾಯಿ ತೆಗದ್ರ ಪೋಸ್ಟ್ ಬಂದಂಗ ಆಗ್ತದ’ ಎಂದು. ಇದರಲ್ಲೂ ತಪ್ಪಿದ್ದರೆ ತಿದ್ದು. ಅಥವಾ… ಬಿಡು.

ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ಮುಗಿಸಿ ನಾನು ಚೆಂಬೂರಿಗೆ ಬಂದ ಆ ಮೇ ತಿಂಗಳು. ನೀನು ದಿನವಿಡೀ ಅಂಧೇರಿಯ ಸ್ಟುಡಿಯೋದಲ್ಲಿ ಬೇರೆಯವರ ಗೇಮುಗಳಿಗೆ ಬೆಳಕು ಹಾಕಿ, ಲೋಕಲ್ ಟ್ರೇನಿನಲ್ಲಿ ನಜ್ಜುಗುಜ್ಜಾಗಿ ಬಂದು, ಮುಖ ತೊಳೆದು, ಚಹಾ ಕುಡಿದು ಮತ್ತೆ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಅದು ಕುಕ್ಕರಿನ ಹಾಗೆ ಸದ್ದು ಮಾಡುತ್ತಿತ್ತು. ಪರದೆಯ ಮೇಲೆ ನಮ್ಮದೇ ಚಾಳು! ನಮ್ಮ ಪ್ಯಾಸೇಜು, ಸವೆದ ಮೆಟ್ಟಿಲು, ಕೆಳಗಿನ ನಲ್ಲಿ, ನಲ್ಲಿಯ ಮುಂದೆ ಕೊಡಗಳ ಸಾಲು. ನೀನು ಮೌಸಿನಿಂದ ಸೂರ್ಯನನ್ನು ಎಳೆದೆ. ಟ್ಯೂಬ್‌ಲೈಟಿನ ನೀಲಿ ಮೆಲ್ಲಗೆ ಕರಗಿ, ಗಂಗವ್ವಜ್ಜಿಯ ಡಬ್ಬಿ ತುಳಸಿಯ ಮೇಲೆ ಹಳದಿ ಬಿತ್ತು. ಅಲ್ಲಿಂದ ಎದುರು ಗೋಡೆಗೆ, ಗೋಡೆಯಿಂದ ಕೊಡದೊಳಗಿನ ನೀರಿಗೆ. ‘ಬೆಳಕು ಗ್ವಾಡಿಗೆ ಬಡದು ತಿರಗಿ ಬರಬೇಕ ಶೈಲೂ. ಬರೇ ಗ್ವಾಡಿ ಕಂಡ್ರ ಏನ ಬಂತು?’ ಎಂದೆ. ನಾನು ಕೇಳಿದ್ದು ಮಾತ್ರ ಶುದ್ಧ ಹಾಸ್ಟೆಲ್ ಪ್ರಶ್ನೆ: ‘ಚೆನ್ನಾಗಿದೆ. ಆದರೆ ಇದರಲ್ಲಿ ಗೆಲ್ಲುವುದು ಹೇಗೆ?’ ನೀನು ನಕ್ಕೆ. ‘ಮೊದಲ ಸಾಲಿನ್ಯಾಗ ನಿಂದ್ರು. ಆಮ್ಯಾಲ ಕೇಳು.’

ಮರುದಿನ ನಾನೂ ನೀರಿನ ಸಾಲಿಗೆ ಬರುತ್ತೇನೆ ಎಂದಿದ್ದೆ, ನೆನಪಿದೆಯಾ? ಎಚ್ಚರವಾದಾಗ ನೀನು ಆಗಲೇ ತುಂಬಿದ ಕೊಡಗಳನ್ನು ಮನೆಯೊಳಗಿನ ಬಚ್ಚಲ ಮೋರಿಯ ಪಕ್ಕ ಜೋಡಿಸುತ್ತಿದ್ದೆ. ಅದಕ್ಕೂ ಮೊದಲು ನೀನು ಅವ್ವನಿಗೆ ಹೇಳಿದ್ದು ಅರೆ ನಿದ್ದೆಯಲ್ಲಿ ಕೇಳಿಸಿತ್ತು: ‘ಎಬ್ಬಸಬ್ಯಾಡವ್ವ, ಹಾಸ್ಟೆಲಿನ್ಯಾಗ ಗಂಟಿ ಹೊಡದ ಎಬ್ಬಸ್ತಿದ್ರು ಪಾಪ ಕೂಸಿಗೆ.’ ಪ್ರತಿ ರಜೆಯಲ್ಲೂ ಹೀಗೇ ಆಗಿತ್ತು. ಕಾಲೇಜು ಸೇರಿ ಮನೆಯಲ್ಲೇ ಇರತೊಡಗಿದ ಮೇಲೂ ಹೀಗೇ. ನಾನು ಆ ಸಾಲಿನಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಇದನ್ನು ಇಲ್ಲಿ ಯಾಕೆ ಬರೆದೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ನಾನೂ ಗೇಮ್ ಮಾಡುವುದನ್ನೇ ಕಲಿಯಲು ಸೇರಿದ ಕಾಲೇಜಿನ ಐಡಿ ಕಾರ್ಡು ಇನ್ನೂ ಕೈಗೆ ಬಂದಿರಲಿಲ್ಲ, ಅಷ್ಟರಲ್ಲೇ ನಾವು ಎಂಜಿನ್ ವಿಷಯಕ್ಕೆ ಜಗಳವಾಡಿದೆವು. ನೀನು ಅನ್‌ರಿಯಲ್ ಪಕ್ಷ. ನಾನು ಕ್ಲಾಸಿನಲ್ಲಿ ಕೇಳಿಬಂದ ಯೂನಿಟಿ ಪಕ್ಷ. ಅನ್‌ರಿಯಲ್ ಸಣ್ಣ ಗೇಮಿಗೆ ತುಂಬಾ ಭಾರವಲ್ಲವಾ ಎಂದೆ. ‘ಮದುವಿ ಅಡಗಿಯವರಿದ್ದಂಗ ಅದು. ಇಬ್ಬರಿಗೆ ಅನ್ನ ಬೇಕಂದ್ರೂ ದೊಡ್ಡ ಭಾಂಡೇನ ಇಳಸ್ತದ. ಆದ್ರ ಊಟ ಹೆಂಗಿರ್ತದ ಹೇಳು? ಸಿನಿಮಾದವರೂ ಅಲ್ಲೇ ಉಣ್ಣಾಕ ಬರ್ತಾರ.’ ಹಾಗಾದರೆ ಯೂನಿಟಿ? ‘ಖಾನಾವಳಿ. ಚಲೋನ ಐತಿ. ಯಾರನ್ನ ಕೇಳಿದ್ರೂ ದಾರಿ ಹೇಳ್ತಾರ, ಹೋದ ಕೂಡ್ಲೇ ತಾಟು ಬರ್ತದ. ಆದ್ರ ಇವತ್ತು ಇದ್ದ ಪಲ್ಯ ನಾಳೆ ಇರ್ತದಂತ ಹೇಳಾಕ ಬರಾಂಗಿಲ್ಲ.’ ಮತ್ತೆ ಆ ಸಣ್ಣ ಎಂಜಿನ್, ಗೋಡೋ? ನೀನು ಕೈ ಬೀಸಿದೆ. ‘ಅದು ಸ್ಟೋವು. ಹಾಸ್ಟೆಲ್ ಹುಡಗ್ಯಾರು ವಾರ್ಡನ್ ಕಣ್ಣ ತಪ್ಪಿಸಿ ನೂಡಲ್ಸ್ ಮಾಡ್ಕೋತಾರಲ್ಲ, ಅದು.’ ನನಗೆ ಸಿಟ್ಟು ಬಂತು. ಆ ನೂಡಲ್ಸ್ ಎಷ್ಟು ರುಚಿ ಇರುತ್ತಿತ್ತೆಂದು ನಿನಗೇನು ಗೊತ್ತು? ಹಾಗೆಂದು ಹೇಳಬೇಕೆಂದಿದ್ದೆ. ನೀನು ಕೆಮ್ಮುತ್ತಾ ಎದ್ದು ಹೋದೆ. ಆಮೇಲೆ ಆ ಜಗಳ ಮುಂದುವರಿಸಲು…

ಈಗ ನಿನಗೆ ಗೊತ್ತಿರದ ಒಂದು ಸುದ್ದಿ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವಾಗಲೇ ಚಾಳಿನ ಗೇಟಿಗೆ ನೋಟಿಸು ಅಂಟಿಸಿದ್ದರು. ಕೊನೆಗೂ ರೀಡೆವಲಪ್‌ಮೆಂಟ್: ಚಾಳು ಕೆಡವಿ ಹೊಸ ಬಿಲ್ಡಿಂಗ್. ಈ ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು. ಪಕ್ಕದ ಮನೆಯ ಶಾಂತಾ ಮಾವಶಿ ಕಲ್ಯಾಣದಲ್ಲಿ ಮಗಳ ಮನೆಗೆ, ಗಂಗವ್ವಜ್ಜಿ ಧಾರಾವಿಯಲ್ಲಿ ಮಗನ ಹತ್ತಿರ, ನಾವು ಮಾನಖುರ್ದ್ ಕಡೆ ಬಾಡಿಗೆಗೆ. ಬಿಲ್ಡಿಂಗ್ ಆದ ಮೇಲೆ ಮನೆ ಮನೆಗೂ ನಲ್ಲಿಯಂತೆ, ಅಕ್ಕಾ. ಆದರೆ ಅಷ್ಟರೊಳಗೆ ಯಾರು ಎಲ್ಲಿರುತ್ತಾರೋ. ಒಂದು ದಿನ ಮಾವಶಿ ಮೆಟ್ಟಿಲಲ್ಲಿ ನನ್ನನ್ನು ತಡೆದು, ತಮ್ಮ ಮರಾಠಿ-ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದರು. ‘ರೇಣು ನಮ್ಮ ಚಾಳಿಂದು ಗೇಮ್ ಬನಾಯಾ ಥಾ ನಾ? ಎಲ್ಲಾರ ಫೋನಿಗಿ ಹಾಕಿ ಕೊಡು ಗ. ಚಾಳ್ ಮುರಿತಾರ, ಫೋನಿನಾಗ ಆದ್ರೂ ಇರಲಿ.’ ನಾನು ಯೋಚನೆ ಮಾಡದೆ ಹೂಂ ಎಂದೆ. ಮಾತು ಕೊಟ್ಟಾಗಿತ್ತು. ಎಲ್ಲರೂ ಚದುರುವ ಮೊದಲು ನಿನ್ನ ಗೇಮು ಅವರ ಕೈಯಲ್ಲಿರಬೇಕು, ಮತ್ತು ಅದು ನಿನ್ನದೇ ಆಗಿ ಉಳಿದಿರಬೇಕು. ಇವೆರಡರ ನಡುವೆಯೇ ನಾನು ಸಿಕ್ಕಿಬಿದ್ದಿರುವುದು.

ನಿನ್ನ ಲ್ಯಾಪ್‌ಟಾಪನ್ನು ಟ್ರಂಕಿನಿಂದ ತೆಗೆದ ದಿನ ಅದರ ಬ್ಯಾಟರಿ ಉಬ್ಬಿ ಕೀಬೋರ್ಡು ಎದ್ದು ನಿಂತಿತ್ತು. ಫೈಲುಗಳನ್ನು ಹೇಗೋ ಕಾಪಿ ಮಾಡಿಕೊಂಡು ಕಾಲೇಜಿನ ಲ್ಯಾಬಿಗೆ ಒಯ್ದೆ. ಅಲ್ಲಿನ ದೊಡ್ಡ ಮಶೀನಿನಲ್ಲಿ ನಿನ್ನ ಚಾಳು ತೆರೆದುಕೊಂಡಾಗ ಹಿಂದಿನ ಬೆಂಚಿನವರೂ ಬಂದು ನಿಂತು ನೋಡಿದರು. ಅನ್‌ರಿಯಲ್ಲಿನ ಹೆಚ್ಚುಗಾರಿಕೆ ಏನೆಂದು ಅವತ್ತು ಯಾರಿಗೂ ವಿವರಿಸಬೇಕಾಗಲಿಲ್ಲ. ಆದರೆ ಅದನ್ನೇ ಕಟ್ಟಿ ಅವ್ವನ ಫೋನಿಗೆ ಹಾಕಿದರೆ ಪರದೆ ಕಪ್ಪಗೆ ನಿಂತಿತು. ಫೋನು ಮಾತ್ರ ಬಿಸಿಯಾಗುತ್ತಾ ಹೋಯಿತು. ‘ಇದರ ಮ್ಯಾಲ ಚಪಾತಿ ಬೇಯಸಬಹುದಲ್ಲವ್ವ’ ಎಂದಳು ಅವ್ವ. ನಾನು ನೆರಳು ತೆಗೆದೆ, ನೀರಿನ ಹೊಳಪು ತೆಗೆದೆ, ಬೆಳಕು ಗೋಡೆಯಿಂದ ತಿರುಗಿ ಬರುವುದನ್ನೂ ತೆಗೆದೆ. ಕೊನೆಗೆ ಉಳಿದದ್ದು ನಿನ್ನದೂ ಅಲ್ಲ, ಓಡುವಂಥದ್ದೂ ಅಲ್ಲ. ‘ಅದು ಎಂಜಿನ್ನಿನ ತಪ್ಪಲ್ಲ, ನಿನ್ನ ಕೈ ಇನ್ನೂ ಪಳಗಿಲ್ಲ’ ಅನ್ನುತ್ತೀ. ಇರಬಹುದು. ಪಳಗಿದವಳು ಇರಲಿಲ್ಲವಲ್ಲ.

ಅದೇ ವಾರ ಕ್ಲಾಸಿನಲ್ಲಿ ಎಲ್ಲರೂ ಎಂಜಿನ್‌ಗಳನ್ನು ಹೋಲಿಸಿ ಮಾತಾಡಬೇಕಿತ್ತು; ಯಾವುದು ಯಾವುದರಲ್ಲಿ ಮುಂದು, ಯಾವುದರಲ್ಲಿ ಹಿಂದು, ನಮ್ಮ ಪ್ರಾಜೆಕ್ಟಿಗೆ ಯಾವುದು. ನನಗೆ ಎದ್ದು ನಿಂತು ಮಾತಾಡುವುದೆಂದರೆ ಏನಾಗುತ್ತದೆಂದು ನಿನಗೆ ಗೊತ್ತೇ ಇದೆ. ಮಾತು ತೊದಲುತ್ತದೆ. ಬೋರ್ಡಿನ ಮೇಲೆ ಮೂರು ಎಂಜಿನ್‌ಗೆ ಮೂರು ಕಾಲಂ ಎಳೆದು ಗ್ರಾಫಿಕ್ಸು, ಭಾಷೆ, ತೂಕ ಎಂದೆಲ್ಲ ಬರೆದೆ. ಸರ್ ಅರ್ಧದಲ್ಲೇ ತಡೆದರು. ‘ಟಾರ್ಗೆಟ್ ಡಿವೈಸ್ ಕ್ಯಾ ಹೈ, ಬೇಟಾ?’ ಗೇಮು ಯಾವುದರ ಮೇಲೆ ಓಡಬೇಕು ಎಂದು. ಬಾಯಿಂದ ಬಂದುಬಿಟ್ಟಿತು: ‘ಮೈ ಮದರ್ಸ್ ಫೋನ್, ಸರ್.’ ಕ್ಲಾಸು ನಕ್ಕಿತು. ‘ಯಾವ ಮಾಡೆಲ್?’ ಎಂದರು. ‘ಹಿಂದಿನ ಮುಚ್ಚಳ ಹೋಗಿದೆ ಸರ್, ರಬ್ಬರ್ ಬ್ಯಾಂಡ್ ಹಾಕಿದ್ದಾರೆ, ಹೆಸರು ಕಾಣುವುದಿಲ್ಲ.’ ಇನ್ನೂ ಜೋರು ನಗು. ಸರ್ ಮಾತ್ರ ನಗಲಿಲ್ಲ. ನನ್ನ ಮೂರು ಕಾಲಮ್ಮಿನ ಪಕ್ಕ ನಾಲ್ಕನೆಯದೊಂದು ಎಳೆದು, ಅದರ ತಲೆಯ ಮೇಲೆ ‘ಮದರ್ಸ್ ಫೋನ್’ ಎಂದು ಬರೆದು, ‘ಈಗ ಮೊದಲಿನಿಂದ ಹೇಳು’ ಎಂದರು. ಆಶ್ಚರ್ಯವೆಂದರೆ, ಆಮೇಲೆ ನಾನು ತೊದಲಲಿಲ್ಲ.

ಫರ್ಹಾನ್ ಎಂದು ನನ್ನ ಬೆಂಚಿನವನೊಬ್ಬನಿದ್ದಾನೆ. ಮೊದಲು ಯೂನಿಟಿಯಲ್ಲೇ ಮಾಡೋಣವೆಂದು ಅವನೇ ನನ್ನನ್ನು ಕೂರಿಸಿದ. ನ್ಯಾಯವಾಗಿ ಹೇಳಬೇಕೆಂದರೆ ಅಲ್ಲಿ ಎಷ್ಟು ಬೇಗ ಕೆಲಸವಾಗುತ್ತದೆ ಅಕ್ಕಾ! ಏನು ತಿಳಿಯದಿದ್ದರೂ ಅದಕ್ಕೊಂದು ವಿಡಿಯೋ ಇದೆ, ಮೆಟ್ಟಿಲಿನಿಂದ ಬಕೆಟ್ಟಿನವರೆಗೆ ಎಲ್ಲ ತಯಾರಾಗಿ ಸಿಗುತ್ತದೆ, ಅವನ ಫೋನಿನಲ್ಲಿ ಚೆನ್ನಾಗಿಯೇ ಓಡಿತು. ಸಿಕ್ಕಿಬಿದ್ದಿದ್ದು ಬಾಗಿಲುಗಳ ಮೇಲಿನ ಹೆಸರಿನಲ್ಲಿ. ಗಂಗವ್ವ ಎಂದು ಬರೆದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಮುನಿಸಿಕೊಂಡ ಹಾಗೆ ನಿಂತಿತು. ‘ಅರೇ ಯಾರ್, ಫೋಟೋ ಚಿಪ್ಕಾ ದೇ ನಾ’ ಎಂದ ಫರ್ಹಾನ್. ಅವನು ಹೇಳಿದ್ದು ಸರಿ; ಹೆಸರನ್ನು ಚಿತ್ರವಾಗಿ ಅಂಟಿಸಿದರೆ ಮುಗಿಯಿತು. ನಿಜವಾದ ತೊಂದರೆ ನನ್ನ ಲ್ಯಾಪ್‌ಟಾಪು. ಕಾಲೇಜಿಗಾಗಿ ಅಪ್ಪ ತಂದುಕೊಟ್ಟ ಸೆಕೆಂಡ್‌ಹ್ಯಾಂಡ್ ಅದು. ಪ್ರಾಜೆಕ್ಟು ತೆರೆಯಲು ಹೇಳಿ ನಾನು ಅಕ್ಕಿ ಆರಿಸಿ, ತೊಳೆದು, ಕುಕ್ಕರ್ ಇಟ್ಟು ಬಂದರೂ ಲೋಡಿಂಗ್ ಪಟ್ಟಿ ಅರ್ಧಕ್ಕೇ ನಿಂತಿರುತ್ತಿತ್ತು. ಲ್ಯಾಬಿನ ಮಶೀನು ಸೀನಿಯರ್‌ಗಳಿಂದ ಬಿಡುವಾದಾಗ ಮಾತ್ರ ನಮಗೆ. ತಿಂಗಳ ಕೊನೆ ಕಾಯುತ್ತದೆಯೇ?

ಒಂದು ದಿನ ಕುರ್ಲಾ ಸ್ಟೇಷನ್ನಿನಲ್ಲಿ ಲೋಕಲ್ ತಡವಾಗಿ, ಬೆಂಚಿನ ಮೇಲೆ ಕೂತು ಅದೇ ಲ್ಯಾಪ್‌ಟಾಪಿನಲ್ಲಿ ಗೋಡೋ ಡೌನ್‌ಲೋಡ್ ಮಾಡಿದೆ. ಟ್ರೇನು ಬರುವ ಮೊದಲೇ ಇಳಿದಿತ್ತು. ತೆರೆದರೆ ತಕ್ಷಣ ತೆರೆಯಿತು. ಕನ್ನಡ ಫಾಂಟ್ ಕೊಟ್ಟೆ, ಗಂಗವ್ವನ ಒತ್ತಕ್ಷರ ಸುಮ್ಮನೆ ತನ್ನ ಜಾಗದಲ್ಲಿ ಕೂತಿತು. ಬರೆಯುವ ಭಾಷೆ ಶಾಲೆಯಲ್ಲಿ ಕಲಿತ ಪೈಥಾನಿನ ತಂಗಿಯ ಹಾಗಿದೆ. ಸ್ಟೋವೇ, ನಿಜ. ಆದರೆ ಹೊತ್ತಿಕೊಳ್ಳುತ್ತದೆ ಅಕ್ಕಾ. ದೊಡ್ಡ ಅಡುಗೆಗೆ ಅದು ಸಾಲದು ಎಂದೂ ಬೇಗ ತಿಳಿಯಿತು: ನಿನ್ನ ನೀರು ಅಲ್ಲಿ ಬಣ್ಣ ಬಳಿದ ಗಾಜಿನ ಹಾಗೆ ಮಂಕಾಯಿತು, ತಯಾರು ಸಿಗುವ ಸಾಮಾನು ಕಡಿಮೆ, ಎಲ್ಲೋ ಸಿಕ್ಕಿಕೊಂಡು ಉತ್ತರ ಹುಡುಕಿದರೆ ಅದು ಹಳೆಯ ವರ್ಷನ್ನಿನದಾಗಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಎಂಜಿನ್ ಬಿಟ್ಟು ಇನ್ನೊಂದಕ್ಕೆ ಹೋಗುವುದು ಮನೆ ಬದಲಿಸಿದ ಹಾಗೆ. ಸಾಮಾನು ಬರುತ್ತದೆ, ವಾಸ ಬರುವುದಿಲ್ಲ. ನೀನು ಮಾಡಿದ ಗೋಡೆ ಬಂತು, ಮೆಟ್ಟಿಲು ಬಂತು, ನೀನೇ ಫೋನಿನಲ್ಲಿ ಹಿಡಿದ ನಲ್ಲಿಯ ಸದ್ದು ಬಂತು. ಆಟದ ನಿಯಮಗಳನ್ನೆಲ್ಲ ನೀನು ಅನ್‌ರಿಯಲ್ಲಿನಲ್ಲಿ ಪರದೆಯ ಮೇಲಿನ ಡಬ್ಬಿಯಿಂದ ಡಬ್ಬಿಗೆ ಗೆರೆಗಳ ತಂತಿ ಎಳೆದು ಕಟ್ಟಿದ್ದೆಯಲ್ಲ, ಆ ತಂತಿಗಳು ಬರಲಿಲ್ಲ.

ಲ್ಯಾಬಿನಲ್ಲಿ ನಿನ್ನ ತಂತಿಗಳನ್ನು ನೋಡುತ್ತಾ, ಒಂದೊಂದನ್ನೇ ನನ್ನ ಸಾಲುಗಳಾಗಿ ಬರೆದುಕೊಂಡ ಆ ಮಧ್ಯಾಹ್ನಗಳು ನನಗೆ ಇಷ್ಟವಾಗಿದ್ದವು. ನಿನ್ನ ಯೋಚನೆ ಯಾವ ಕಡೆ ತಿರುಗಿತೋ ಆ ಕಡೆ ನನ್ನ ಬೆರಳು ಹೋಗುತ್ತಿತ್ತು. ಎರಡು ಕಡೆ ಮಾತ್ರ ನಾನು ನಿಂತೆ. ಅಂಕ ಎಂದು ನೀನು ಒಂದು ಡಬ್ಬಿ ಮಾಡಿದ್ದೆ, ಅದರ ತಂತಿ ಎಲ್ಲಿಗೂ ಸೇರಿರಲಿಲ್ಲ. ಸಾಲಿನಲ್ಲಿ ಒಂದು ನೀಲಿ ಕೊಡವಿತ್ತು, ಅದಕ್ಕೆ ಯಜಮಾನರೇ ಇರಲಿಲ್ಲ. ಪಾಪ, ಮುಗಿಸಲು ಆಗಿಲ್ಲ ಎಂದುಕೊಂಡೆ. ಅಂಕದ ತಂತಿ ನಾನೇ ಸೇರಿಸಿದೆ: ನಿಮ್ಮ ಕೊಡ ಎಷ್ಟು ತುಂಬಿತೋ ಅಷ್ಟು ಅಂಕ, ನೀರು ನಿಲ್ಲುವುದರೊಳಗೆ ತುಂಬದಿದ್ದರೆ ಸೋಲು. ನೀಲಿ ಕೊಡ ಅಡ್ಡ ಬರಬಾರದೆಂದು ನೆಲಕ್ಕೆ ಗಟ್ಟಿಯಾಗಿ ಕೂರಿಸಿದೆ. ಅಕ್ಕನ ಕೆಲಸ ಪೂರ್ತಿ ಮಾಡಿದೆ ಎಂದು ಒಂದು ಹೆಮ್ಮೆ ಬೇರೆ!

ಹೋದ ಭಾನುವಾರ ಮಧ್ಯಾಹ್ನ ಪ್ಯಾಸೇಜಿನಲ್ಲಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದೆ. ಅವ್ವನ ಫೋನಿನಲ್ಲಿ ಗೇಮು ಓಡಿತು, ಬಿಸಿಯೂ ಆಗಲಿಲ್ಲ. ‘ನಮ್ಮ ಬಾಗಲಾ! ನೋಡ, ನನ್ನ ಹೆಸರ ಐತಿ!’ ಎಂದು ಗಂಗವ್ವಜ್ಜಿ ಪರದೆಗೆ ಮೂಗು ತಾಗಿಸಿದಳು. ಮೊದಲು ಆಡಿದ್ದು ಶಾಂತಾ ಮಾವಶಿ. ತಮ್ಮ ಕೊಡ ಮುಂದೆ ಸರಿಸಿದರು, ಹಿಂದೆ ತಿರುಗಿ ನೀಲಿ ಕೊಡವನ್ನು ಒತ್ತಿದರು. ಮತ್ತೆ ಒತ್ತಿದರು. ‘ಅಗ ಶೈಲು, ಹಾ ಹಂಡಾ ಹಲತಚ್ ನಾಹೀ! ಅಲ್ಲಾಡೇ ಇಲ್ಲ ಇದು!’ ನಾನೆಂದೆ, ‘ಮಾವಶಿ, ಅದನ್ನು ಬಿಡಿ, ನಿಮ್ಮದು ತುಂಬಿಸಿಕೊಳ್ಳಿ.’ ‘ಬಿಡೂದು ಕಸಾ ಗ? ಹೆಂಗ ಬಿಡ್ಲಿ?’ ಎಂದು ಅವರು ಒತ್ತುತ್ತಲೇ ಇದ್ದರು, ನೀರು ನಿಂತಿತು, ಸೋತರು. ಗಂಗವ್ವಜ್ಜಿಯೂ ಒಂದೇ ಬೆರಳಿನಿಂದ ಹೋಗಿ ಮುಟ್ಟಿದ್ದು ಅದನ್ನೇ. ‘ಯವ್ವಾ, ಇದರ ಮಾಲಕರೆಲ್ಲಿ?’ ‘ಯಾರೂ ಇಲ್ಲ ಅಜ್ಜಿ.’ ‘ಯಾರೂ ಇಲ್ಲಂದ್ರ ಇಲ್ಲಿಗೆ ಹೆಂಗ ಬಂತು? ಕೊಡಕ್ಕೇನ ಕಾಲ ಬಂದಾವ?’ ಎಲ್ಲರೂ ನಕ್ಕರು. ಎಲ್ಲರೂ ಸೋತರು. ಸೋತ ಬೇಸರ ಒಬ್ಬರಿಗೂ ಇಲ್ಲ. ಸಿಟ್ಟೆಲ್ಲ ನನ್ನ ಮೇಲೆ.

‘ಕೊಡ ಐತಂದ್ರ ಮನಷಾ ಅದಾನಂತ ತಿಳೀಬೇಕ ತಂಗಿ’ ಎಂದು ಗಂಗವ್ವಜ್ಜಿ ನನಗೆ ಹೇಳಿದ ರೀತಿ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ‘ಒಬ್ಬಾಕಿ ಕೂಸಿಗೆ ಹಾಲ ಕುಡಸಾಕ ಹೋಗಿರ್ತಾಳ, ಒಬ್ಬಾಕಿ ಡ್ಯೂಟಿಗೆ ಓಡಿರ್ತಾಳ. ಹಿಂದ ನಿಂತಾಕಿ ಆಕಿ ಕೊಡಾನೂ ಮುಂದ ಸರಸಬೇಕ, ಪಾಳಿ ಬಂದ್ರ ತುಂಬಿ ಇಡಬೇಕ. ಇಲ್ಲಾಂದ್ರ ಅದ್ಯಾತರ ಸಾಲು?’ ಶಾಂತಾ ಮಾವಶಿ ನನ್ನ ಮುಖವನ್ನೇ ನೋಡುತ್ತಿದ್ದರು. ಮೆಲ್ಲಗೆ ಕೇಳಿದರು: ‘ಅಗ, ತುಮಚಂ ಪಾಣೀ? ನಿಮ್ಮ ನೀರು ಯಾರು ತುಂಬತಾರ ಅಂತ ತಿಳದಿ ನೀನು?’ ನಾನು ಅವ್ವನ ಕಡೆ ತಿರುಗಿದೆ. ಅವ್ವ ಶಾಲೆಯ ಕ್ಯಾಂಟೀನಿನ ಅಡುಗೆಗೆಂದು ನಲ್ಲಿ ಬರುವ ಮೊದಲೇ ಮನೆ ಬಿಡುತ್ತಾಳೆ. ಅಪ್ಪ ಟ್ಯಾಂಕರಿನ ಮೇಲೆ. ನಾನು ಎದ್ದಾಗ ಬಾಗಿಲಿನ ಒಳಗೆ ತುಂಬಿದ ಕೊಡ ಇರುತ್ತಿತ್ತು. ಅವ್ವ ತುಂಬಿಟ್ಟು ಹೋಗಿದ್ದಾಳೆ ಎಂದುಕೊಂಡು, ಮುಖ ತೊಳೆದು, ಕಾಲೇಜಿಗೆ… ನೀನು ಹೋದಾಗಿನಿಂದ ಹೀಗೇ, ಅಕ್ಕಾ. ಒಂದು ದಿನವಾದರೂ ನಾನು ಕೇಳಬಾರದಿತ್ತೇ? ‘ನನಗೆ ಹೇಳಬೇಕಿತ್ತಲ್ಲವ್ವ’ ಎಂದೆ. ಅವ್ವ ಫೋನನ್ನು ಸೆರಗಿನಿಂದ ಒರೆಸುತ್ತಿದ್ದಳು. ‘ಹೇಳಿದ್ರ ನೀ ಏಳ್ತಿದ್ದಿ. ಆಕ್ಯಂತೂ ಒಂದ ದಿನಾನೂ ನಿನ್ನ ಎಬ್ಬಸಲಿಲ್ಲ’ ಎಂದಳು.

ಮರುದಿನ ಬೆಳಿಗ್ಗೆ ಯಾರೂ ಎಬ್ಬಿಸದೆ ಎದ್ದು ಕೆಳಗೆ ಹೋದೆ. ಸಾಲು ಆಗಲೇ ನಿಂತಿತ್ತು. ಸ್ಟೀಲಿನವು, ತಾಮ್ರದ್ದೊಂದು, ಎಣ್ಣೆಯ ಡಬ್ಬಿಗಳು, ಪೇಂಟಿನ ಬಕೆಟ್ಟುಗಳು. ನಡುವೆ, ಅವ್ವ ಕೆಲಸಕ್ಕೆ ಹೋಗುವಾಗ ಇಟ್ಟು ಹೋದ ನಿನ್ನ ನೀಲಿ ಕೊಡ, ಬಿಸಿ ಪಾತ್ರೆ ತಾಗಿ ಕತ್ತಿನ ಹತ್ತಿರ ಕರಗಿದ್ದು. ಶಾಂತಾ ಮಾವಶಿ ಪಕ್ಕದವರ ಜೊತೆ ಗ್ಯಾಸ್ ಸಿಲಿಂಡರಿನ ವಿಷಯಕ್ಕೆ ವಾದ ಮಾಡುತ್ತಿದ್ದರು. ಸಾಲು ಮುಂದೆ ಹೋದಾಗ ಮಾತು ನಿಲ್ಲಿಸದೆ, ಕೆಳಗೆ ನೋಡದೆ, ಪಾದದ ಬದಿಯಿಂದ ನಿನ್ನ ಕೊಡವನ್ನು ಮುಂದಕ್ಕೆ ನೂಕಿದರು. ಅಷ್ಟೇ. ಅದರಲ್ಲಿ ದುಃಖವೂ ಇರಲಿಲ್ಲ, ಉಪಕಾರವೂ ಇರಲಿಲ್ಲ. ನನ್ನನ್ನು ಕಂಡು, ‘ಆಲೀಸ್ ಕಾ? ಬಂದಿ? ಹಿಡಿ ಹಂಗಾರ’ ಎಂದು ಮತ್ತೆ ಸಿಲಿಂಡರಿಗೆ ಹೋದರು. ನಾನು ಹಿಡಿದೆ. ತುಂಬಿದ ಕೊಡ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೆಟ್ಟಿಲಿನ ಮೊದಲ ತಿರುವಿನಲ್ಲೇ ಅರ್ಧ ನೀರು ನನ್ನ ಮೇಲಿತ್ತು. ಅಳುತ್ತಿದ್ದೆನೋ ಇಲ್ಲವೋ, ಯಾರಿಗೂ ತಿಳಿಯುವಂತಿರಲಿಲ್ಲ.

ಅವತ್ತೇ ಲ್ಯಾಬಿಗೆ ಹೋಗಿ ನಿನ್ನ ತಂತಿಗಳ ಮುಂದೆ ಮತ್ತೆ ಕೂತೆ. ನೀನು ಏನನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ, ಅಲ್ಲವಾ? ನೀಲಿ ಕೊಡಕ್ಕೆ ಯಜಮಾನರಿಲ್ಲದ್ದು ಬೇಕೆಂದೇ. ಅಂಕದ ತಂತಿ ಕಿತ್ತದ್ದೂ ಬೇಕೆಂದೇ. ಆಟ ಮುಗಿಯುವ ಕಡೆಗೆ ಹೋಗುವ ತಂತಿ ಒಂದೇ, ಅದು ಬರುವುದು ಸಾಲಿನ ಎಲ್ಲ ಕೊಡಗಳಿಂದ. ಯಾವುದೂ ಖಾಲಿ ಉಳಿಯಬಾರದು, ಅಷ್ಟೇ ನಿಯಮ. ನಾನು ಬರೆದ ಅಂಕವನ್ನೆಲ್ಲ ಅಳಿಸಿದೆ. ಗೋಡೋದಲ್ಲಿ ಅದು ಕೆಲವೇ ಸಾಲಿನ ಕೆಲಸ. ಈಗ ‘ಗೆದ್ದಿರಿ’ ಎಂದೂ ಬರುವುದಿಲ್ಲ, ‘ಸೋತಿರಿ’ ಎಂದೂ ಇಲ್ಲ. ಕೊನೆಯ ಕೊಡ ತುಂಬಿದರೆ ಪರದೆ ಕತ್ತಲಾಗಿ, ಮರುದಿನದ ನಲ್ಲಿಯ ಸದ್ದು ಶುರುವಾಗುತ್ತದೆ. ನಿನ್ನೆ ಸಂಜೆ ಎಲ್ಲರೂ ಮತ್ತೆ ಆಡಿದರು. ಮಾವಶಿ ನೀಲಿ ಕೊಡ ಸರಿಸಿ, ಅದು ಅಲುಗಿದ ಕೂಡಲೇ, ‘ಹಾಂ, ಆತಾ ರೇಣೂಚಾ ಗೇಮ್’ ಎಂದರು. ಈಗ ರೇಣುವಿನದು. ಸರ್ ಕೂಡ ತಮ್ಮ ಫೋನಿನಲ್ಲಿ ಹಾಕಿಸಿಕೊಂಡಿದ್ದಾರೆ. ನೀರು ಚೆಲ್ಲುವುದನ್ನು ಇನ್ನೂ ಸರಿ ಮಾಡಬೇಕೆಂದರು. ಮಾಡುತ್ತೇನೆ. ಈಗ ಅದರ ಅನುಭವವಿದೆಯಲ್ಲ.

ಇನ್ನು ಆ ತೀರ್ಮಾನದ ವಿಷಯ, ಇಷ್ಟೆಲ್ಲ ಬರೆದದ್ದು ಅದಕ್ಕೇ. ನಿನ್ನ ಬೆಳಕು. ಅನ್‌ರಿಯಲ್ಲಿನಲ್ಲಿ ನೀನು ಸೂರ್ಯನನ್ನು ಎಳೆದ ಹಾಗೆಲ್ಲ ಚಾಳು ಬದಲಾಗುತ್ತಿತ್ತು. ಅವ್ವನ ಫೋನಿಗೆ ಅದು ಆಗದ ಕೆಲಸ. ಸರ್ ಒಂದು ದಾರಿ ತೋರಿಸಿದ್ದಾರೆ: ಲ್ಯಾಬಿನ ಮಶೀನಿನಲ್ಲಿ ನಿನ್ನ ಫೈಲು ತೆರೆದು, ಬೆಳಕು ಎಲ್ಲೆಲ್ಲಿ ಬಿದ್ದಿದೆಯೋ ಹಾಗೇ ಅದನ್ನು ಗೋಡೆಗಳ ಚಿತ್ರಕ್ಕೆ ಹಚ್ಚಿಬಿಡುವುದು. ಗೋಡೆಯಿಂದ ತಿರುಗಿ ಬಂದ ಬೆಳಕೂ ಬರುತ್ತದೆ, ನೀನೇ ಹಾಕಿದ್ದು, ನಾನು ಮುಟ್ಟುವುದೇ ಬೇಡ. ಆದರೆ ಒಮ್ಮೆ ಹಚ್ಚಿದರೆ ಅದು ಅಲುಗುವುದಿಲ್ಲ. ಎಲ್ಲ ಹೊತ್ತಿನದನ್ನೂ ತುಂಬಲು ಆ ಫೋನಿನಲ್ಲಿ ಜಾಗವಿಲ್ಲ. ಯಾವುದೋ ಒಂದು ಹೊತ್ತನ್ನು ಆರಿಸಬೇಕು. ಕಲ್ಯಾಣದಲ್ಲಿ, ಧಾರಾವಿಯಲ್ಲಿ, ಮಾನಖುರ್ದಿನಲ್ಲಿ ಎಲ್ಲರ ಕೈಯಲ್ಲೂ ನಮ್ಮ ಚಾಳು ಇನ್ನು ಮುಂದೆ ಅದೇ ಹೊತ್ತಿನಲ್ಲಿ ನಿಂತಿರುತ್ತದೆ. ಟ್ಯೂಬ್‌ಲೈಟಿನ ನೀಲಿಯಾ, ನೀನು ಒಬ್ಬಳೇ ಮೊದಲು ಇಳಿದು ಹೋಗುತ್ತಿದ್ದಾಗಿನದು? ಅಥವಾ ತುಳಸಿಯ ಮೇಲೆ ಹಳದಿ ಬಿದ್ದು, ಸಾಲು ತುಂಬಿ, ಎಲ್ಲರೂ ಒಟ್ಟಿಗೆ ಮಾತಾಡುತ್ತಿರುವಾಗಿನದಾ? ನೀನು ಕೊನೆಯ ಸಲ ಫೈಲು ಮುಚ್ಚಿದಾಗ ಸೂರ್ಯನನ್ನು ಎರಡರ ನಡುವೆ ಎಲ್ಲೋ ಬಿಟ್ಟಿದ್ದೀ. ಅದು ನೀನು ಆರಿಸಿದ್ದಾ, ಅಥವಾ ಅವ್ವ ಊಟಕ್ಕೆ ಕರೆದಳೆಂದು ಅರ್ಧಕ್ಕೆ ಎದ್ದು ಹೋದದ್ದಾ? ಒಮ್ಮೆ ಅರ್ಧಕ್ಕೆ ಬಿಟ್ಟದ್ದೆಂದು ತಿಳಿದು ಮೋಸ ಹೋದೆ. ಮತ್ತೆ ನಾನೇ ಊಹಿಸಲು ಧೈರ್ಯವಿಲ್ಲ.

ನಿನ್ನ ಕೊಡ ನಮ್ಮ ಜೊತೆ ಮಾನಖುರ್ದಿಗೆ ಬರುತ್ತದೆ, ಅದು ನನ್ನ ಮಾತು. ಅಲ್ಲಿಯೂ ನೀರಿಗೆ ಸಾಲೇ ಅಂತೆ, ನಾನು ನಿಲ್ಲುತ್ತೇನೆ. ಹೋಗುವ ಮೊದಲು ಎಲ್ಲರ ಫೋನಿಗೂ ಹಾಕಿ ಕೊಡಬೇಕು. ಗಂಗವ್ವಜ್ಜಿಯ ಮಗ ಈ ಶನಿವಾರವೇ ಟೆಂಪೋ ತರುತ್ತಾನಂತೆ.

ಅಕ್ಕಾ, ಯಾವ ಹೊತ್ತಿನ ಬೆಳಕು ಇಡಲಿ? ಬೇಗ ಉತ್ತರ ಬರಿ.

ನಿನ್ನ
ಶೈಲು